ಬೇಕಿಂಗ್ ಪ್ರಶ್ನೋತ್ತರ: ಕುಕ್ಕರ್ ಕೇಕ್ ಬೆವರಿದ್ದೇಕೆ?

ಪ್ರಶ್ನೆ: ಅತ್ತೆಯ ಹುಟ್ಟುಹಬ್ಬಕ್ಕೆ ಪ್ರೆಶರ್ ಕುಕ್ಕರ್ ಆಕಾರದ ಕೇಕ್ ಮಾಡಿದೆ. ಸ್ಪಂಜ್ ಕೇಕ್, ವಿಪ್ಡ್ ಕ್ರೀಮ್, ಮೇಲೆ ಬೂದು ಫಾಂಡೆಂಟ್. ಫ್ರಿಜ್‌ನಿಂದ ಹೊರಗಿಟ್ಟ ಒಂದು ಗಂಟೆಯಲ್ಲಿ ಮೈಯೆಲ್ಲ ಬೆವರಿತು, ಹೊಟ್ಟೆ ಉಬ್ಬಿತು, ಹಿಡಿ ಕಳಚಿ ಬಿತ್ತು. ಎಲ್ಲಿ ತಪ್ಪಿದೆ?
– ಓದುಗರು, ಮಂಗಳೂರು

ಉತ್ತರ: ಫಾಂಡೆಂಟ್ ಎಂದರೆ ಬಹುಪಾಲು ಸಕ್ಕರೆ. ಕ್ರೀಮಿನ ನೀರು ಹೀರಿ ಅದು ಒಳಗಿನಿಂದಲೇ ಕರಗುತ್ತದೆ. ಹಗುರ ಸ್ಪಂಜು ಆ ಭಾರಕ್ಕೆ ಕುಸಿದಾಗ ಪದರದ ನಡುವಿನ ಕ್ರೀಮು ಪಕ್ಕಕ್ಕೆ ತಳ್ಳಿಕೊಂಡು ಬರುತ್ತದೆ. ನೀವು ಕಂಡ ಹೊಟ್ಟೆ ಅದೇ. ಬೆವರಿದ್ದಕ್ಕೆ ನಿಮ್ಮೂರಿನ ಹವೆಯೂ ಕಾರಣ.

ಮುಂದಿನ ಸಲ ಬೆಣ್ಣೆ ಕೇಕ್ ಮಾಡಿ. ಮೈದಾ, ಬೆಣ್ಣೆ, ಸಕ್ಕರೆ ತಲಾ 300 ಗ್ರಾಂ, 6 ಮೊಟ್ಟೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್. 6 ಇಂಚಿನ ಮೂರು ಟಿನ್ನುಗಳಿಗೆ ಸುಮಾರು 400 ಗ್ರಾಂನಂತೆ ಹಿಟ್ಟು ಹಾಕಿ, 170 ಡಿಗ್ರಿಯಲ್ಲಿ 35–40 ನಿಮಿಷ ಬೇಯಿಸಿ. ಅದೇ ದಿನ ಕೊರೆಯಬೇಡಿ, ಪುಡಿಪುಡಿಯಾಗುತ್ತದೆ, ರಾತ್ರಿ ಫ್ರಿಜ್‌ನಲ್ಲಿಡಿ. ಕ್ರೀಮಿನ ಜಾಗಕ್ಕೆ ಗನಾಶ್: 600 ಗ್ರಾಂ ಡಾರ್ಕ್ ಚಾಕೊಲೇಟಿಗೆ 200 ಗ್ರಾಂ ಫ್ರೆಶ್ ಕ್ರೀಮ್. ಪದರ ಜೋಡಿಸಿ, ಮೇಲೊಂದು ತಟ್ಟೆ ಹೇರಿ ಎರಡು–ಮೂರು ಗಂಟೆ ಕೂರಲು ಬಿಟ್ಟು, ಆಮೇಲೆ ಹೊರಮೈಗೆ ಗನಾಶ್ ಬಳಿಯಿರಿ. ಅದು ಗಟ್ಟಿಯಾದ ಮೇಲೇ ಫಾಂಡೆಂಟ್.

ಇಷ್ಟು ಎತ್ತರದ ಕೇಕಿಗೆ ಒಂದೇ ಹಾಳೆ ಹೊದಿಸಿದರೆ ಕೆಳಗೆ ನೆರಿಗೆ ಬೀಳುವುದು ಖಂಡಿತ. 4 ಮಿ.ಮೀ. ದಪ್ಪದ ಉದ್ದ ಪಟ್ಟಿ ಕತ್ತರಿಸಿ, ಹತ್ತು ನಿಮಿಷ ಬಿಗಿಯಲು ಬಿಟ್ಟು, ಲಟ್ಟಣಿಗೆಗೆ ಸುತ್ತಿಕೊಂಡು ಕೇಕಿನ ಸುತ್ತ ಬಿಚ್ಚುತ್ತ ಹೋಗಿ. ಪಟ್ಟಿಯ ಕೊನೆಗಳು ಕೂಡುವ ಜಾಗ ಹಿಡಿಯ ಹಿಂದೆ ಬರಲಿ. ಹೊರಮುಚ್ಚಳದ ಕುಕ್ಕರನ್ನೇ ಮಾದರಿಯಾಗಿಟ್ಟುಕೊಳ್ಳಿ: ಮುಚ್ಚಳಕ್ಕೆ ಕತ್ತರಿಸಿದ 18 ಸೆಂ.ಮೀ. ಫಾಂಡೆಂಟ್ ಬಿಲ್ಲೆಯ ಅಂಚನ್ನು ಕೆಳಗೆ ಮಡಿಸಿದರೆ ಮೇಲಿನ ಜೋಡಣೆಯೂ ಮುಚ್ಚಿಹೋಗುತ್ತದೆ. ಒಳಮುಚ್ಚಳದ ಕುಕ್ಕರಿನಲ್ಲಿ ಈ ಅನುಕೂಲವಿಲ್ಲ.

ಹಿಡಿಗೆ ಅಂಗಡಿಯ ಕಪ್ಪು ಫಾಂಡೆಂಟೇ ತನ್ನಿ. ಮನೆಯಲ್ಲಿ ಅಷ್ಟು ಕಪ್ಪು ಬರಿಸಲು ಸುರಿಯುವ ಬಣ್ಣಕ್ಕೆ ಅದು ಅಂಟಂಟಾಗಿ ಕಹಿಯಾಗುತ್ತದೆ. 250 ಗ್ರಾಂಗೆ ಒಂದು ಟೀ ಚಮಚ ಸಿಎಂಸಿ (ಫಾಂಡೆಂಟ್ ಗಟ್ಟಿಯಾಗಿ ಒಣಗಲು ಬೆರೆಸುವ) ಪುಡಿ ನಾದಿ, 10 ಸೆಂ.ಮೀ. ಹಿಡಿ ಮಾಡಿ, ಹಸಿಯಿರುವಾಗಲೇ ಬಿದಿರಿನ ಕಡ್ಡಿ ಚುಚ್ಚಿ. ಎರಡು–ಮೂರು ದಿನ ಫ್ಯಾನಿನಡಿ, ಮಗುಚಿ ಹಾಕುತ್ತ ಒಣಗಲಿ. ಮಳೆಗಾಲದಲ್ಲಿ ಇನ್ನೂ ಬೇಕು. 8 ಸೆಂ.ಮೀ. ಕಡ್ಡಿ ಕೇಕಿನೊಳಗೆ ಹೋಗಬೇಕು. ಹಿಡಿ ಕೂರಿಸುವುದು ಸಮಾರಂಭದ ಮೇಜಿನ ಮೇಲೆ, ಕಾರಿನಲ್ಲಲ್ಲ. ಕತ್ತರಿಸುವ ಮುನ್ನ ಕಡ್ಡಿ ಮರೆಯದೆ ಕಿತ್ತುಬಿಡಿ.

ಫ್ರಿಜ್‌ನಲ್ಲಿಡಲೇಬೇಕಾದರೆ ರಟ್ಟಿನ ಡಬ್ಬಿಯಲ್ಲಿಟ್ಟು ಟೇಪ್ ಸುತ್ತಿ. ಹೊರತಂದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬೇಡಿ, ಯಾರೆಷ್ಟೇ ಆಸೆಯಿಂದ ಕೇಳಿದರೂ.

ಪ್ರಶ್ನೆ: ಸ್ಟೀಲಿನ ಹೊಳಪು ತರುವುದು ಹೇಗೆ? ಬೆಳ್ಳಿ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದರೆ ಕಲೆಕಲೆಯಾಗುತ್ತಿದೆ.
– ಓದುಗರು, ದಾವಣಗೆರೆ

ಉತ್ತರ: ನೀರು ಸಕ್ಕರೆಯನ್ನು ಕರಗಿಸುತ್ತದೆ. ಬೇಗ ಆರುವ, ಆಲ್ಕೋಹಾಲ್ ಬೆರೆತ ಬಣ್ಣವಿಲ್ಲದ ಎಸೆನ್ಸ್‌ನಲ್ಲಿ ಕಲಸಿ. ತೆಳುವಾಗಿ ಎರಡು ಸಲ, ನಡುವೆ ಇಪ್ಪತ್ತು ನಿಮಿಷ ಬಿಟ್ಟು ಬಳಿಯಿರಿ. ಬ್ರಷ್ ಪಾತ್ರೆಯ ಸುತ್ತ ಒಂದೇ ದಿಕ್ಕಿಗೆ ಸಾಗಲಿ. ಸ್ಟೀಲ್ ಉಜ್ಜಿದ ಗೆರೆಗಳಂತೆಯೇ ಕಾಣುತ್ತದೆ. ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’ ಎಂದಷ್ಟೇ ಇದ್ದರೆ ಅದು ತಿನ್ನುವ ಪುಡಿಯೆಂದು ಅರ್ಥವಲ್ಲ. ‘ಎಡಿಬಲ್’ ಎಂದಿರಬೇಕು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆಯೂ ಇರಬೇಕು.

ಪ್ರಶ್ನೆ: ಮೊಟ್ಟೆಯಿಲ್ಲದ ಕೇಕಿನಲ್ಲಿ ಕುಕ್ಕರ್ ನಿಲ್ಲುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಮೊಟ್ಟೆಯ ಬದಲು ಕಂಡೆನ್ಸ್ಡ್ ಮಿಲ್ಕ್ ಹಾಕಿದ ಕೇಕ್ ಮೆದು, ಮೂರು ಪದರದ ಎತ್ತರಕ್ಕೆ ನಂಬುವಂಥದ್ದಲ್ಲ. ಕುಕ್ಕರಿನ ಬದಲು ತವಾ ಮೇಲಿನ ದೋಸೆಯ ಆಕಾರದ ಕೇಕ್ ಮಾಡಿ: 5 ಸೆಂ.ಮೀ. ಎತ್ತರ ಸಾಕು, ಕುಸಿಯಲು ಏನೂ ಇಲ್ಲ.