ಕಪ್ಪು ಕಾರಿಗೆ ಬೆಳಕು

ಪ್ರಶ್ನೆ: ಪೀಣ್ಯದ ಶೆಡ್‌ನಲ್ಲಿ ಕಪ್ಪು ಕಾರಿನ ಫೋಟೊ ತೆಗೆದರೆ ಬಾನೆಟ್ ಮೇಲೆ ಸಾಫ್ಟ್‌ಬಾಕ್ಸ್‌ಗಳ (ಫ್ಲ್ಯಾಶ್ ಬೆಳಕನ್ನು ಮೃದುವಾಗಿಸುವ ಬಟ್ಟೆಪೆಟ್ಟಿಗೆಗಳ) ಚೌಕಗಳೇ ಕಾಣುತ್ತವೆ. ಇನ್ನೆರಡು ಲೈಟ್ ಕೊಳ್ಳಲೇ?
– ಓದುಗರು, ದಾಸರಹಳ್ಳಿ

ಉತ್ತರ: ಬೇಡ, ದುಡ್ಡು ಉಳಿಸಿ. ಕಪ್ಪು ಪೇಂಟ್ ಕನ್ನಡಿಯಿದ್ದಂತೆ; ಅದರಲ್ಲಿ ಏನು ಕಾಣಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಕಾರು ನಾಲ್ಕೂವರೆ ಮೀಟರ್ ಇದ್ದರೆ 6 ಮೀಟರ್ ಉದ್ದ, 3 ಮೀಟರ್ ಅಗಲದ ಬಿಳಿ ಬಟ್ಟೆಯನ್ನು ಪೈಪ್ ಚೌಕಟ್ಟಿಗೆ ಬಿಗಿದು ಮೇಲೆ ತೂಗುಹಾಕಿ. ಸುಕ್ಕು, ಹೊಲಿಗೆ ಇದ್ದರೆ ಅವೂ ಬಾನೆಟ್‌ನಲ್ಲಿ ಮೂಡುತ್ತವೆ. ಫ್ಲ್ಯಾಶ್‌ಗಳನ್ನು ಕಾರಿಗಲ್ಲ, ಬಟ್ಟೆಗೆ ಹೊಡೆಯಿರಿ. ಬಿಂಬದ ಅಂಚು ಬಾಗಿಲ ಮೇಲಿನ ಗೆರೆಗುಂಟ ಸಾಗುವವರೆಗೆ ಚೌಕಟ್ಟನ್ನು ವಾಲಿಸಿ. ಹೆಚ್ಚು ಸಮಯ ಹಿಡಿಯುವುದು ಇಲ್ಲೇ. ಟ್ಯೂಬ್‌ಲೈಟ್ ಆಫ್ ಮಾಡಿ. ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಸಂವೇದನೆ) 100, ಎಫ್/11 (ಲೆನ್ಸ್ ಕಿಂಡಿಯ ಅಳತೆ), 1/125 ಸೆಕೆಂಡ್ ಶಟರ್ ವೇಗದಿಂದ ಶುರುಮಾಡಿ. ಗಾಜಿನ ಹೊಳಪು ಉಳಿದರೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಲೆನ್ಸ್ ಫಿಲ್ಟರ್) ತಿರುಗಿಸಿ ಇನ್ನೊಂದು ಫ್ರೇಮ್ ತೆಗೆದು, ಎರಡನ್ನೂ ಕಂಪ್ಯೂಟರ್‌ನಲ್ಲಿ ಜೋಡಿಸಿ.