ಭಾನುವಾರ ಮಾತ್ರ ಹೊಟ್ಟೆ ನೋಯೋದಿಲ್ಲ

ಗದಗ-ಬೆಟಗೇರಿಯ ನೇಕಾರ ಓದುಗರೊಬ್ಬರ ಪತ್ರ: ‘ಮಗ ಒಂಬತ್ತನೇ ಕ್ಲಾಸು. ಶಾಲೆಗೆ ಹೊರಡುವಾಗ ದಿನಾ ಹೊಟ್ಟೆನೋವು, ಭಾನುವಾರ ಮಾತ್ರ ಇರೋದಿಲ್ಲ. ಈಗ ಶಾಲೆಯ ಕೌನ್ಸೆಲರ್ ಅಪ್ಪ ಅಮ್ಮ ಇಬ್ಬರನ್ನೂ ಗುರುವಾರ ಬರಹೇಳಿದ್ದಾರೆ. ಹುಡುಗನಿಗೆ ತಲೆ ಕೆಟ್ಟಿದೆ ಅಂತಲೇ? ಓಣಿಯ ಮಂದಿಗೆ ಗೊತ್ತಾದರೆ?’

ಸಂಪಾದಕರ ಉತ್ತರ: ಆ ಭಾನುವಾರದ ಮಾತು ಬರೆದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಮೊದಲು ಡಾಕ್ಟರಿಗೆ ತೋರಿಸಿ, ಅದನ್ನು ತಪ್ಪಿಸಬೇಡಿ. ಅಲ್ಲಿ ಏನೂ ಸಿಗದಿದ್ದರೆ ಹುಡುಗ ನಾಟಕ ಮಾಡ್ತಿದ್ದಾನೆ ಅಂತ ಬೈಯಬೇಡಿ. ಹೆದರಿಕೆಗೂ ಹೊಟ್ಟೆ ಹಿಂಡುತ್ತದೆ. ಆ ನೋವು ಸುಳ್ಳಲ್ಲ.

ನಮ್ಮ ಕಾಲದಲ್ಲಿ ಇದಕ್ಕೆ ಮನೆಯಲ್ಲಿ ಅಜವಾನ, ಶಾಲೆಯಲ್ಲಿ ಬೆತ್ತ. ಲೆಕ್ಕದ ಪೀರಿಯಡ್ ಇದ್ದ ದಿನವೇ ನನಗೂ ನೋಯುತ್ತಿತ್ತು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ.

ಕೌನ್ಸೆಲರ್ ಮಾಡುವ ಕೆಲಸ ಹೆಚ್ಚಾಗಿ ಇದೇ, ಕೇಳೋದು. ಅವರು ಗುಳಿಗೆ ಬರೆದುಕೊಡುವ ಡಾಕ್ಟರ್ ಅಲ್ಲ. ಯಾರ ಪಕ್ಕ ಕೂರ್ತೀಯ, ಮಧ್ಯಾಹ್ನ ಯಾರ ಜೊತೆ ಊಟ, ಯಾವ ಮೇಷ್ಟ್ರನ್ನು ಕಂಡರೆ ಎದೆ ಡವಡವ ಅನ್ನುತ್ತದೆ, ರಾತ್ರಿ ಎಷ್ಟೊತ್ತಿಗೆ ಮಲಗ್ತೀಯ. ಹೀಗೆ ಸಣ್ಣ ಸಣ್ಣ ಪ್ರಶ್ನೆ. ಹಿಂದಿನ ಬೆಂಚಿನವನು ದಿನಾ ಡಬ್ಬಿ ಕಸಿದುಕೊಳ್ಳುತ್ತಿದ್ದರೆ ಅದು ನಿಮಗೆ ತಿಳಿಯೋದು ಹೇಗೆ? ಅವರಾದರೆ ಕ್ಲಾಸ್ ಟೀಚರಿಗೆ ಹೇಳಿ ಜಾಗ ಬದಲಾಯಿಸಬಲ್ಲರು. ತಮ್ಮ ಕೈ ಮೀರಿದ್ದು ಅನಿಸಿದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೋ ಜಿಲ್ಲಾ ಆಸ್ಪತ್ರೆಗೋ ಕಳಿಸುತ್ತಾರೆ. ಎಲ್ಲರನ್ನೂ ಕಳಿಸೋದಿಲ್ಲ.

ನಿಮ್ಮನ್ನು ಕರೆದಿರೋದು ದೂರು ಹೇಳೋಕೆ ಅಂದುಕೊಳ್ಳಬೇಡಿ. ಮನೆಯ ಸಂಗತಿ ಅವರಿಗೂ ಗೊತ್ತಾಗಬೇಕಲ್ವಾ? ಸಾಲ, ಜಗಳ, ಅಜ್ಜಿಯ ಕಾಯಿಲೆ, ಇದ್ದದ್ದನ್ನು ಇದ್ದಂತೆ ಹೇಳಿ. ಒಂದು ಮಾತು ಮೊದಲೇ ತಿಳಿದಿರಲಿ: ಮಗ ಹೇಳಿದ್ದನ್ನೆಲ್ಲ ಅವರು ನಿಮಗೆ ಒಪ್ಪಿಸೋದಿಲ್ಲ. ಹಾಗೆ ಒಪ್ಪಿಸಿದರೆ ಅವನು ಮತ್ತೆ ಬಾಯಿ ಬಿಡೋದಿಲ್ಲ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಹೇಳಲೇಬೇಕು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೂ ತಿಳಿಸಬೇಕು.

ನಿಮ್ಮ ಶಾಲೆಯಲ್ಲಿ ಇಂಥವರು ಇದ್ದಾರಲ್ಲ, ಅದೇ ದೊಡ್ಡದು. ನೂರೋ ಅದಕ್ಕಿಂತ ಹೆಚ್ಚೋ ಮಕ್ಕಳಿರುವ ಕಡೆ ಒಬ್ಬರಾದರೂ ತರಬೇತಾದ ಕೌನ್ಸೆಲರ್ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜುಲೈನಲ್ಲಿ. ಹೇಳಿದ ಮಾತ್ರಕ್ಕೆ ಎಲ್ಲ ಶಾಲೆಗೂ ಬಂದುಬಿಡುತ್ತಾರಾ? ಕೌನ್ಸೆಲರ್ ಇಲ್ಲದ ಶಾಲೆಯ ಪಾಲಕರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.

ಓಣಿಯ ಮಂದಿಯ ಮಾತು ಬಿಡಿ. ಎಸೆಸೆಲ್ಸಿ ರಿಸಲ್ಟ್ ದಿನವೂ ಅವರು ಮಾತಾಡುವವರೇ.

ಗುರುವಾರ ಒಂದೆರಡು ತಾಸು ಮಗ್ಗ ನಿಲ್ಲಿಸಿ ಇಬ್ಬರೂ ಹೋಗಿ ಬನ್ನಿ. ಅಪ್ಪನಿಗೆ ಪುರುಸೊತ್ತಿಲ್ಲ ಅಂತ ಅಮ್ಮನೊಬ್ಬಳನ್ನೇ ಕಳಿಸಬೇಡಿ. ಬರುವಾಗ ದಾರಿಯಲ್ಲಿ ‘ಅವರ ಹತ್ತಿರ ಏನು ಹೇಳಿದೆ?’ ಅಂತ ಹುಡುಗನನ್ನು ಕೆದಕಬೇಡಿ. ಮಿರ್ಚಿ ಭಜಿ ಕೊಡಿಸಿ, ಸುಮ್ನೆ ಕರೆದುಕೊಂಡು ಬನ್ನಿ.