ಎದುರಾಳಿ ಜೊತೆ ವ್ಯವಹಾರ ಇಟ್ಟುಕೊಂಡವರನ್ನು ದೂರ ಇಡಬೇಕಾ?

ಅಂಗಡಿ ಎದುರಿಗೇ ಅದೇ ವ್ಯಾಪಾರ ಶುರುವಾಗಿದೆ, ಎರಡೂ ಕಡೆ ಓಡಾಡುವ ಕೆಲಸದವರನ್ನು, ಗಿರಾಕಿಗಳನ್ನು ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ನಾನು ಬಿಟ್ಟಿದ್ದೆ. ಏನಾಯಿತು ಅಂತ ಹೇಳುತ್ತೇನೆ.

ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ನಮ್ಮದು ಆಲೆಮನೆ. ಅರ್ಧ ಮೈಲಿ ಆಚೆ ನಮ್ಮ ದಾಯಾದಿ ಅಣ್ಣನದು ಇನ್ನೊಂದು. ಪೈಪೋಟಿ ಮೊದಲಿಂದಲೂ ಇತ್ತು. ಅವರು ಕಬ್ಬಿಗೆ ಟನ್ನಿಗೆ 50 ರೂಪಾಯಿ ಏರಿಸಿದರೆ ನಾನೂ ಏರಿಸುತ್ತಿದ್ದೆ. ಆದರೂ ಕಬ್ಬು ಕಡಿಯುವ ಆಳುಗಳು ಒಂದೇ ಗುಂಪು, ಟ್ರ್ಯಾಕ್ಟರ್ ಒಂದೇ. ನನಗೆ ಕಬ್ಬು ಜಾಸ್ತಿಯಾದರೆ ಅಲ್ಲಿಗೆ ಕಳಿಸುತ್ತಿದ್ದೆ. ಮದುವೆಗೆ ಮುಯ್ಯಿ, ಗದ್ದೆಗೆ ಮುಯ್ಯಾಳು, ಎಲ್ಲಾ ನಡೆಯುತ್ತಿತ್ತು.

ಒಂದು ವರ್ಷ ನಮ್ಮ ಖಾಯಂ ರೈತರಲ್ಲಿ ನಾಲ್ಕು ಜನ ಅಲ್ಲಿಗೆ ಹೋದರು. ಸಿಟ್ಟು ಬಂತು. "ಅಲ್ಲಿಗೆ ಹೋಗೋರು ಇಲ್ಲಿಗೆ ಬರಬೇಡಿ" ಅಂದುಬಿಟ್ಟೆ.

ಇದೇ ನನ್ನ ತಪ್ಪು, ಸ್ವಲ್ಪ ಬಿಡಿಸಿ ಹೇಳಬೇಕು. ರೇಟು ಏರಿಸಿದ್ದರಲ್ಲಿ ತಪ್ಪಿರಲಿಲ್ಲ, ಅದರಿಂದ ರೈತರಿಗೆ ಒಳ್ಳೆಯದೇ ಆಯಿತು. ಓಡಾಡುವವರನ್ನು ತಡೆದೆನಲ್ಲ, ಅಲ್ಲಿ ಕೆಟ್ಟೆ. ಆ ಆಳುಗಳು, ಆ ಟ್ರ್ಯಾಕ್ಟರ್ ಹುಡುಗ ಬರೀ ಕಬ್ಬು ತರುತ್ತಿರಲಿಲ್ಲ. ಅಲ್ಲಿಯ ಬೆಲ್ಲ ಎಷ್ಟಕ್ಕೆ ಹೋಯಿತು, ಮಂಡಿಯಲ್ಲಿ ತೂಕಕ್ಕೆ ಎಷ್ಟು ಕಳೆದರು, ಮುಂದಿನ ವಾರ ಯಾರ ಗದ್ದೆ ಕಟಾವಿಗೆ ಬರುತ್ತೆ, ಎಲ್ಲಾ ಸುದ್ದಿ ಅವರ ಬಾಯಲ್ಲೇ ಬರುತ್ತಿತ್ತು. ಅದು ನಿಂತೇ ಹೋಯಿತು.

ನಮ್ಮಿಬ್ಬರಿಗೂ ಮುಂಗಡ ಕೊಟ್ಟಿದ್ದವರು ಒಬ್ಬರೇ ಮಂಡಿ ವ್ಯಾಪಾರಿ. ಮುಂಗಡ ತಗೊಂಡ ಮೇಲೆ ಬೆಲ್ಲ ಅವರಿಗೇ ಹಾಕಬೇಕು. ಮಾರುಕಟ್ಟೆಯ ಕನಿಷ್ಠ, ಗರಿಷ್ಠ ರೇಟು ಎಲ್ಲರಿಗೂ ಗೊತ್ತಾಗುತ್ತೆ. ನಮ್ಮ ಬೆಲ್ಲ ಅದರ ನಡುವೆ ಎಲ್ಲಿದೆ ಅಂತ ಹೇಳುವವರು ಮಾತ್ರ ಅವರೇ. "ನಿಮ್ಮ ಅಣ್ಣನ ಬೆಲ್ಲಕ್ಕೆ ಬಣ್ಣ ಇದೆ, ನಿಮ್ಮದಕ್ಕಿಲ್ಲ" ಅಂತ ನನಗೆ ಹೇಳಿದರು. ಇಬ್ಬರೂ ಬಣ್ಣಕ್ಕೋಸ್ಕರ ಕೊಪ್ಪರಿಗೆಗೆ ಹೈಡ್ರೋಸ್ ಅನ್ನೋ ರಾಸಾಯನಿಕ ಪುಡಿ ಜಾಸ್ತಿ ಸುರಿದೆವು. ನಮ್ಮಪ್ಪ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದರು. ನಾನು ಮಾಡಿದ ಬೆಲ್ಲ ಮನೆಗೆ ತರಲು ನನಗೇ ಮನಸ್ಸಾಗಲಿಲ್ಲ.

ಏಪ್ರಿಲ್‌ನಲ್ಲಿ ಗಾಣದ ಗೇರ್ ಮುರಿಯಿತು. ಅಂಗಳದಲ್ಲಿ 12 ಟನ್ ಕಡಿದ ಕಬ್ಬು. ತಾಜಾ ಅರೆದರೆ ಟನ್ನಿಗೆ ಸುಮಾರು 100 ಕೆಜಿ ಬೆಲ್ಲ ಬರುತ್ತೆ. ಬಿಸಿಲಲ್ಲಿ ಬಿದ್ದರೆ ತೂಕ ಇಳಿಯುತ್ತೆ, ರಸವೂ ಕೆಡುತ್ತೆ. ಅಣ್ಣನ ಗಾಣ ಖಾಲಿ ನಿಂತಿತ್ತು. ನಾನು ಕೇಳಲಿಲ್ಲ. ಮೂರು ದಿನ ಕಳೆದು ಅರೆದೆ. ಅಚ್ಚಿನಿಂದ ತೆಗೆದ ಬೆಲ್ಲ ಹೆಬ್ಬೆರಳಿಗೆ ಅಂಟಿಕೊಂಡು ಬಂತು.

ಅವತ್ತು ರಾತ್ರಿ ಅಣ್ಣನೇ ಬಂದರು. "ಒಂದು ಮಾತು ಹೇಳಿ ಕಳಿಸಬಾರದಿತ್ತಾ?" ಅಂದರು. ಅವರ ಜೇಬಿನಲ್ಲಿ ಮಂಡಿ ಚೀಟಿ ಇತ್ತು. ನನ್ನದನ್ನೂ ತಂದು ಪಕ್ಕದಲ್ಲಿಟ್ಟೆ. ಒಂದೇ ದಿನದ ಚೀಟಿ. ನನ್ನದರಲ್ಲೂ "ಬಣ್ಣ ಕಮ್ಮಿ", ಅವರದರಲ್ಲೂ "ಬಣ್ಣ ಕಮ್ಮಿ".

ಇಬ್ಬರ ಜಗಳದಲ್ಲಿ ಲಾಭ ಮಾಡಿಕೊಳ್ಳುವ ಮೂರನೆಯವನ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮೆಲ್ 1908ರಲ್ಲೇ ಬರೆದಿದ್ದಾರೆ. ಸಮಾಜಶಾಸ್ತ್ರ ಓದುವ ನನ್ನ ಮಗಳು ಹೇಳಿದಳು. ಪೈಪೋಟಿ ಇದ್ದಾಗ ವ್ಯಾಪಾರಿ ಗಿರಾಕಿಯ ಮನಸ್ಸನ್ನು ಹೆಚ್ಚು ಅರಿಯುತ್ತಾನೆ ಅಂತಲೂ ಅವರೇ ಬರೆದಿದ್ದಾರಂತೆ. ಎರಡೂ ನಾನು ಕಣ್ಣಾರೆ ಕಂಡಿದ್ದು.

ಹಾಗಾಗಿ ಯಾರನ್ನು ಬಿಡಬೇಕು ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮಾಲಿನಲ್ಲಿ, ರೇಟಿನಲ್ಲಿ ಪೈಪೋಟಿ ಮಾಡಿ, ಜೋರಾಗಿಯೇ ಮಾಡಿ. ಇಬ್ಬರೂ ಸೇರಿ ಗಿರಾಕಿಗೆ ರೇಟು ಕಟ್ಟಲು ಮಾತ್ರ ಹೋಗಬೇಡಿ, ಅದು ಅನ್ಯಾಯ, 2002ರ ಸ್ಪರ್ಧಾ ಕಾಯ್ದೆ ಪ್ರಕಾರವೂ ತಪ್ಪು. ಓಡಾಡುವವರು ಓಡಾಡಲಿ. ನಿಮ್ಮಿಬ್ಬರಿಗೂ ಮಾಲು ಹಾಕುವವರು, ಸಾಲ ಕೊಡುವವರು ಯಾರು ಅಂತ ಮೊದಲು ನೋಡಿ. ಇವತ್ತು ಸಂಜೆ ಅಂಗಡಿ ಮುಚ್ಚುವ ಮುಂಚೆ ರಸ್ತೆ ದಾಟಿ, ಎದುರಿನವರ ಜೊತೆ ಒಂದು ಟೀ ಕುಡಿದು ಬನ್ನಿ.